ಬಾಗಿಲ ಮುಂದಿನ ಕಂಡಿ

ನಾನು ಈ ಊರಿಗೆ ಸೊಸೆಯಾಗಿ ಕಾಲಿಟ್ಟ ಸಂಜೆ ಆಕಾಶದಿಂದ ಒಂದು ಹಸಿರು ಹಾವು ಇಳಿದು ನಮ್ಮ ದಿಬ್ಬಣದ ವ್ಯಾನಿನ ಮೇಲೆ ಕೂತಿತು. ಹಾವೆಂದರೆ ಹರಿದಾಡುವ ಹಾವಲ್ಲ. ನಾಲ್ಕು ಚೌಕಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಸೊಟ್ಟಗಾದ ಒಂದು ತುಂಡು, ಒಂದೊಂದು ಚೌಕವೂ ಒಂದು ಮನೆಯ ಮುಂಭಾಗದಷ್ಟು ಅಗಲ. ನಮ್ಮಮ್ಮ ಕಿಟಾರನೆ ಕಿರುಚಿಕೊಂಡಳು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಹೊಸ ಅತ್ತೆ ಪುಟ್ಟನಂಜಮ್ಮನವರು, "ಹೊತ್ತು ಮೀರಿ ಬಂದ್ರಲ್ಲವ್ವಾ, ಇಳಿಕೆ ಶುರುವಾಗೋಯ್ತು!" ಎಂದು ತಟ್ಟೆಯನ್ನು ಮದುಮಗನ ಕೈಗೇ ತುರುಕಿ, ಮೂಲೆಯಲ್ಲಿದ್ದ ಕಾಯಿ ಕೀಳುವ ದೋಟಿ ಎತ್ತಿಕೊಂಡು, ರೇಷ್ಮೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಮಹಡಿಗೆ ಓಡಿದರು. ಹೀಗಾಗಿ ನನಗೆ ಆರತಿ ಎತ್ತಿ ಒಳಗೆ ಕರೆದುಕೊಂಡವರು ನನ್ನ ಗಂಡನೇ. ಪಾಪ, ಹಾಡು ಬರುತ್ತಿರಲಿಲ್ಲ, ಗುನುಗಿದರು.

ನಮ್ಮಮ್ಮ ಮಾರನೆಯ ಬೆಳಗ್ಗೆಯೇ ಹೊರಟಳು. "ಆಕಾಶ ನೆಟ್ಟಗಿಲ್ಲದ ಊರಿಗೆ ಮಗಳನ್ನ ಕೊಟ್ಟುಬಿಟ್ಟೆನಲ್ಲ" ಎಂದು ಬಸ್ಸಿನ ಕಿಟಕಿಯಲ್ಲಿ ಕಣ್ಣೊರೆಸಿಕೊಂಡವಳು ಮತ್ತೆ ಇತ್ತ ತಲೆ ಹಾಕಲಿಲ್ಲ. ಭಾನುವಾರ ಭಾನುವಾರ ಫೋನು ಮಾಡುತ್ತಾಳೆ, ಊಟ ಆಯ್ತಾ ಅನ್ನುತ್ತಾಳೆ, ಕಾಲುನೋವಿನ ಸುದ್ದಿ ಹೇಳುತ್ತಾಳೆ. ಊರಿನ ವಿಷಯ ಬಂದರೆ ಮಾತು ಬದಲಿಸುತ್ತಾಳೆ. ಅದೊಂದು ಮುಳ್ಳು ನನ್ನೊಳಗೆ ಇದ್ದೇ ಇತ್ತು.

ನನ್ನ ತವರಿನಲ್ಲಿ ಮೇಲಿನಿಂದ ಬೀಳುವುದೆಂದರೆ ಮಳೆ, ಒಣಗಿದ ಎಲೆ, ಆಗೀಗ ಒಂದು ತೆಂಗಿನಕಾಯಿ. ಇಲ್ಲಿ ಶಾಲೆ ಬಿಡುವ ಗಂಟೆ ಹೊಡೆಯುವುದೇ ತಡ, ತುಂಡುಗಳು ಇಳಿಯತೊಡಗುತ್ತವೆ. ಆಕಾರಕ್ಕೆ ತಕ್ಕ ಹೆಸರು: ಉದ್ದನೆಯ ಕೋಲು, ಪೆಟ್ಟಿಗೆ, ನಡುವೆ ಮೂಗು ಚಾಚಿದ ಮೂಗುಬೊಟ್ಟು, ಎಡಗುಡುಗೋಲು, ಬಲಗುಡುಗೋಲು, ಎರಡು ಬಗೆಯ ಹಾವು. ಮಂಡಕ್ಕಿ ಚೀಲಕ್ಕಿಂತ ಹಗುರ. ತಲೆಯ ಮೇಲೆ ಬಿದ್ದರೆ ನೆತ್ತಿಗೆ ಎಣ್ಣೆ ತಟ್ಟಿದ ಹಾಗಾಗುತ್ತದೆ, ಅಷ್ಟೇ. ಯಾಕೆ ಹೀಗೆ ಎಂದು ಮೊದಲ ವಾರ ನಾನು ಕೇಳಿದ್ದುಂಟು. "ನಿಮ್ಮೂರಲ್ಲಿ ಯಾಕೆ ಬೀಳಲ್ಲ ಅಂತ ನಾವು ಯಾವತ್ತಾದ್ರೂ ಕೇಳಿದ್ವಾ?" ಎಂದರು ಅತ್ತೆ.

ಊರಿನಲ್ಲಿ ಇರುವುದು ಎರಡೇ ಬೀದಿ, ಎರಡೂ ಒಂದೇ ಸಾಲಿನಲ್ಲಿ. ಈ ಕಡೆಯ ಹತ್ತು ಮನೆ ನಮ್ಮ ಗಾಣದ ಬೀದಿ, ಆ ಕಡೆಯ ಹತ್ತು ಮನೆ ಹೂವಿನ ಬೀದಿ. ನಡುವೆ ಒಂದು ಮನೆಯಗಲದ ಜಾಗ, ಅಲ್ಲೊಂದು ಕಲ್ಲುಕಟ್ಟೆ, ಕಟ್ಟೆಯ ಮುಂದೆ ಸಾರಿಸಿದ ಅಂಗಳ. ತುಂಡುಗಳು ಎರಡೂ ಬೀದಿಗೆ ಒಂದೇ ಸಮ ಇಳಿಯುತ್ತವೆ. ಮಹಡಿಯ ಮೇಲೆ ದೋಟಿ ಹಿಡಿದು ನಿಂತ ಜನ ಅದನ್ನು ತಿರುವಿ, ದಬ್ಬಿ, ಮನೆಗಳ ಮುಂದೆ ಸಂದಿಲ್ಲದ ಹಾಗೆ ಕೂರಿಸಬೇಕು. ಹತ್ತೂ ಮನೆಯ ಮುಂದೆ ಸಾಲು ತುಂಬಿತೋ, ಆ ಸಾಲು ಫಕ್ಕನೆ ಮಾಯ. ಮಾಯವಾಗಿ ಎಲ್ಲಿಗೆ ಹೋಗುತ್ತದೆ ಎನ್ನುವಿರಾ? ನೆರೆಬೀದಿಗೆ! ಅಲ್ಲಿ ನೆಲದಿಂದ ಎದ್ದು, ಅವರ ರಾಶಿಯನ್ನೆಲ್ಲ ಮೇಲಕ್ಕೆತ್ತಿ ಅವರ ಬಾಗಿಲಿಗೆ ಅಡ್ಡ ಕೂರುತ್ತದೆ. ಒಂದೇ ಒಂದು ಮನೆಯ ಮುಂದೆ ಮಾತ್ರ ಕಂಡಿ ಬಿಟ್ಟಿರುತ್ತದೆ. ಕಟ್ಟೆಯಿಂದ ಎಷ್ಟನೆಯ ಮನೆಯ ಮುಂದೆ ಕೊನೆಯ ತುಂಡಿಟ್ಟು ನಾವು ಸಾಲು ತುಂಬಿದೆವೋ, ಅವರ ಬೀದಿಯಲ್ಲೂ ಕಂಡಿ ಅಷ್ಟನೆಯ ಮನೆಯ ಮುಂದೆಯೇ. ರಾಶಿ ನೀರಿನ ಟ್ಯಾಂಕಿನ ಎತ್ತರ ಮುಟ್ಟಿದ ಬೀದಿ ಸೋತಂತೆ. ಮೊದಮೊದಲು ಸಾವಕಾಶವಾಗಿ ಇಳಿಯುವ ತುಂಡುಗಳು ಹೊತ್ತು ಇಳಿದಂತೆ ಕುದುರೆ ಏರುತ್ತವೆ. ಕೊನೆಗೊನೆಗೆ ದೋಟಿ ತಾಗಿಸುವಷ್ಟರಲ್ಲಿ ನೆಲ ಕಂಡಿರುತ್ತವೆ. ಬೆಳಗಿನ ಇಬ್ಬನಿಗೆ ಎಲ್ಲವೂ ಕರಗಿ ಬೀದಿ ಚೊಕ್ಕಟ. ಸಂಜೆಗೆ ಮತ್ತೆ ಅದೇ ಗಲಾಟೆ.

ಸೋತವರಿಗೆ ಎರಡು ಕೆಲಸ. ಅವತ್ತು ಗೆದ್ದವರಿಗೆಲ್ಲ ಕಟ್ಟೆಯ ಮೇಲೆ ಬೋಂಡ, ಚಹಾ ಕೊಡುವುದು. ಬೆಳಗ್ಗೆ ಕಟ್ಟೆಯ ಮುಂದಿನ ಅಂಗಳದಲ್ಲಿ ರಂಗೋಲಿ ಹಾಕುವುದು. ಈ ರಂಗೋಲಿಯಲ್ಲೇ ಇದೆ ಗುಟ್ಟು. ನಾಲ್ಕು ನಾಲ್ಕು ಚುಕ್ಕಿ ಸೇರಿಸಿ ಏನೇನು ಬರೆಯುತ್ತೀರೋ ಸಂಜೆ ಅದೇ ಇಳಿಯುತ್ತದೆ. ಕೋಲು ಜಾಸ್ತಿ ಬರೆದರೆ ಕೋಲು ಜಾಸ್ತಿ. ಸೋತವರು ತಮಗೆ ಒಗ್ಗುವ ಆಟವನ್ನು ತಾವೇ ಕಟ್ಟಿಕೊಳ್ಳಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ನನ್ನ ಕೈ ರಂಗೋಲಿಗೆ ಚೆನ್ನಾಗಿ ಕೂರುತ್ತದೆಂದು ಗೊತ್ತಾದ ಮೇಲೆ ನಮ್ಮ ಬೀದಿಯ ಪಾಲಿನ ರಂಗೋಲಿ ನನ್ನ ಪಾಲಿಗೆ ಬಂತು.

ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ನನ್ನದೂ ಹಾಗೇ ಆಯಿತು. ಮೂರು ಚುಕ್ಕಿಯ ತುಂಡು ಬರೆದೆ. ಸಂಜೆ ಮರಿ ತುಂಡುಗಳು ಇಳಿದು ಮಕ್ಕಳಿಗೆ ಹಬ್ಬವಾಯಿತು. ಮೂಲೆಯಲ್ಲೊಂದು ಮಲ್ಲಿಗೆ ಬಳ್ಳಿ ಬರೆದೆ. ಅವತ್ತಿನ ತುಂಡುಗಳೆಲ್ಲ ಘಮಘಮ. ಗೆರೆಯನ್ನು ಸುರುಳಿ ಸುತ್ತಿದೆ. ತುಂಡುಗಳು ಬುಗುರಿಯಂತೆ ತಿರುಗುತ್ತ ಬಂದು ಅರ್ಧ ಊರಿಗೆ ತಲೆ ಸುತ್ತಿತು. ಆಮೇಲೊಂದು ದಿನ ಮೈಮರೆತು ಐದು ಚುಕ್ಕಿ ಇಟ್ಟೆ, ನಡುವೆ ಒಂದು, ನಾಲ್ಕು ದಿಕ್ಕಿಗೆ ನಾಲ್ಕು. ಸಂಜೆ ಇಳಿಯಿತು ನೋಡಿ ಆ ಮಹಾರಾಯತಿ! ಎತ್ತ ತಿರುವಿದರೂ ಅದೇ ಆಕಾರ, ಎಲ್ಲಿ ಇಟ್ಟರೂ ಅಕ್ಕಪಕ್ಕ ಸಂದು. ಎರಡೂ ಬೀದಿಯವರು ಆ ದಿನ ಒಟ್ಟಿಗೆ ನನ್ನನ್ನು ಬೈದರು. ಎಲ್ಲೂ ಹೊಂದಿಕೊಳ್ಳದ ಆ ತುಂಡಿಗೆ 'ಸೊಸೆ' ಎಂದು ಹೆಸರಿಟ್ಟರು. ನಾನು ನಕ್ಕೆನಾದರೂ ಒಳಗೆ ಚುರುಕ್ಕೆಂದಿತು.

ನಮ್ಮ ಬೀದಿಯ ಕೂಗು ನನ್ನ ನಾದಿನಿ ಭಾಗೀರಥಿಯದು. ಮನೆಯಲ್ಲಿ ಭಾಗಿ. ಹಗಲೆಲ್ಲ ನಮ್ಮ ಗಾಣದ ಅಂಗಡಿಯಲ್ಲಿ ಎಣ್ಣೆ ಅಳೆಯುವ ಹುಡುಗಿ, ಮಾತು ಕಡಿಮೆ. ಸಂಜೆ ಮಹಡಿಯ ಮೇಲೆ ಕಟ್ಟಿದ ಅಟ್ಟಣೆ ಏರಿದಳೆಂದರೆ ಬೇರೆಯೇ ಅವತಾರ. ಮೋಡದಲ್ಲಿ ತುಂಡಿನ ಬಣ್ಣ ಕಾಣುತ್ತಿದ್ದಂತೆ, "ಕುಡುಗೋಲು! ಮಗುಚಿ ಹಾಕಿ, ನಿಂಗಾಜಕ್ಕನ ಮನೆ ಮುಂದಕ್ಕೆ! ಕೋಲು ಬಂತು, ನಿಲ್ಸಿ, ನಿಲ್ಸಿ, ಅಲ್ಲೇ ಬಿಡಿ!" ಅವಳು ಕೂಗಿದ ಹಾಗೆ ಹತ್ತು ಮನೆಯ ದೋಟಿಗಳು ಆಡುತ್ತಿದ್ದವು. ಇಷ್ಟೆತ್ತರದ ಹೆಣ್ಣಿನಲ್ಲಿ ಅಷ್ಟೊಂದು ದನಿ ಎಲ್ಲಿಂದ ಬರುತ್ತಿತ್ತೋ! ಅವಳ ಕಣ್ಣು ಆಗ ಹೊಳೆಯುತ್ತಿದ್ದುದನ್ನು ನೋಡಿದರೆ ಈ ಹುಡುಗಿ ಇದಕ್ಕೇ ಹುಟ್ಟಿದ್ದಾಳೆ ಅನ್ನಿಸುತ್ತಿತ್ತು. ಹೂವಿನ ಬೀದಿಯ ಕೂಗು ಗುರುಸಿದ್ದನದು. ಕಟ್ಟೆಯಿಂದ ಏಳನೆಯ ಮನೆಯಲ್ಲಿ ಮಾಲೆ ಕಟ್ಟುವ ಹುಡುಗ, ತೆಳ್ಳಗೆ, ಎತ್ತರ, ಕಿವಿಯ ಹಿಂದೆ ಯಾವಾಗಲೂ ಬಾಳೆನಾರಿನ ಎಳೆ. ಅವನ ದನಿ ನಮಗೆ ಕೇಳುತ್ತಿತ್ತು, ಇವಳದು ಅವರಿಗೆ. ಎದುರೆದುರು ಸಿಕ್ಕಾಗ ಇಬ್ಬರೂ ಬೋಂಡದ ತಟ್ಟೆ ನೋಡುತ್ತಿದ್ದರೇ ಹೊರತು ಒಬ್ಬರ ಮುಖ ಒಬ್ಬರು ನೋಡಿದ್ದು ನಾನು ಕಾಣೆ.

ಮೊದಲು ಅನುಮಾನ ಬಂದದ್ದು ನನಗಲ್ಲ, ಪಕ್ಕದ ಮನೆಯ ನಿಂಗಾಜಮ್ಮನಿಗೆ. ಒಂದು ಸಂಜೆ ನಾವು ಸೋತಿದ್ದೆವು. ಬೀದಿಯ ಜನವೆಲ್ಲ ಮಹಡಿಯಿಂದ ಹಗ್ಗ ಹಿಡಿದು ಇಳಿಯುತ್ತಿದ್ದಾರೆ, ನಾನೊಬ್ಬಳು ಬೋಂಡದ ಹಿಟ್ಟಿಗೆ ಕರಿಬೇವು ಕಿತ್ತು ತರಲು ಬಾಗಿಲು ತೆರೆದು ನೆಟ್ಟಗೆ ಹೊರಗೆ ನಡೆದುಬಂದೆ. ಹಗ್ಗದಲ್ಲಿ ನೇತಾಡುತ್ತಿದ್ದ ನಿಂಗಾಜಮ್ಮ ಅಲ್ಲಿಂದಲೇ ಕೇಳಿದಳು:

"ಅಲ್ಲಾ ವಿಶಾಲೂ, ನಿಮ್ಮನೆ ಬಾಗ್ಲು ಮಾತ್ರ ಯಾವಾಗ್ಲೂ ತೆರೆದಿರ್ತದಲ್ಲ, ಅದೇನವ್ವ ನಿಮ್ಗೆ ಸ್ಪೆಷಲ್ಲು?"

ನಾನು ತಿರುಗಿ ನೋಡಿದೆ. ಹೂವಿನ ಬೀದಿಯಿಂದ ಬಂದ ಸಾಲುಗಳು ಒಂದರ ಮೇಲೊಂದು, ಎಲ್ಲದರ ಕಂಡಿಯೂ ಮೂರನೆಯ ಮನೆಯ ಮುಂದೆ. ಮೂರನೆಯ ಮನೆ ನಮ್ಮದು. ನೆಲದಿಂದ ಮೇಲಿನವರೆಗೆ ಬಾವಿಯ ಹಾಗೆ ನೆಟ್ಟಗಿನ ಕಂಡಿ, ಅದರಲ್ಲಿ ಸಂಜೆಯ ಬಿಸಿಲು ಇಳಿದು ನಮ್ಮ ಹೊಸ್ತಿಲ ಮೇಲೆ ಬಿದ್ದಿತ್ತು. ಅಂಥ ಕಂಡಿಗೆ ಒಂದು ಕೋಲು ಬಿಟ್ಟರೆ ಸಾಕು, ನಾಲ್ಕು ಸಾಲು ಒಟ್ಟಿಗೆ ಮಾಯ. ಎದುರಾಳಿಗೆ ಯಾರಾದರೂ ಇಂಥ ಉಪಕಾರ ಮಾಡುತ್ತಾರೆಯೇ? ಮಾರನೆಯ ದಿನ ನಾವು ಗೆದ್ದಾಗ ಹೂವಿನ ಬೀದಿಗೆ ಹೋಗಿ ನೋಡಿದೆ. ಭಾಗಿ ಕಳಿಸಿದ ಸಾಲುಗಳ ಕಂಡಿಯೆಲ್ಲ ಏಳನೆಯ ಮನೆಯ ಮುಂದೆ. ಗುರುಸಿದ್ದ ಆ ಕಂಡಿಯ ಬೆಳಕಿನಲ್ಲಿ ಕೂತು ಮಾಲೆ ಕಟ್ಟುತ್ತಿದ್ದ.

ರಾತ್ರಿ ಊಟಕ್ಕೆ ಬಡಿಸುತ್ತ, "ಭಾಗಿ, ಏಳನೇ ಮನೆಯವರು ಚೆನ್ನಾಗಿದಾರಾ?" ಎಂದೆ.

ಅವಳು ತಲೆ ಎತ್ತಲಿಲ್ಲ. "ಗಾಳಿ ಬೆಳಕು ಇಲ್ದೆ ಹೂವು ಬಾಡ್ತದೆ ಅತ್ತಿಗೆ, ಅದಕ್ಕೇ" ಎಂದಳು. ಕಿವಿಯವರೆಗೆ ಕೆಂಪಾಗಿದ್ದಳು.

ನಿಂಗಾಜಮ್ಮನ ಬಾಯಿಗೆ ಬಿದ್ದ ಸುದ್ದಿ ಡಂಗುರ ಹೊಡೆಸಿದ ಹಾಗೆ. ಎರಡು ದಿನದಲ್ಲಿ ಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ಬೈಗುಳ ಬರುತ್ತದೆಂದು ನಾನು ಹೆದರಿದ್ದೆ. ಆದರೆ ಊರಿನವರ ಮೋರೆ ನೋಡಿದರೆ ಎಲ್ಲರೂ ಮದುವೆಯೂಟದ ಲೆಕ್ಕದಲ್ಲೇ ಇದ್ದರು. ಅತ್ತೆಗೆ ಹುಡುಗ ಒಪ್ಪಿಗೆ. ಗುರುಸಿದ್ದನ ತಾಯಿ ಸಣ್ಣತಾಯಮ್ಮನಿಗೆ ಹುಡುಗಿ ಒಪ್ಪಿಗೆ. ಇಬ್ಬರಿಗೂ ಒಪ್ಪಿಗೆಯಿಲ್ಲದ್ದು ಒಬ್ಬರನ್ನೊಬ್ಬರು ಮಾತ್ರ. ಅವರದು ಯಾರ ರಂಗೋಲಿ ಗೆರೆ ನೆಟ್ಟಗೆ ಎಂಬ ಹಳೇ ಜಗಳ, ಬಿಡಿ. ಕಷ್ಟ ಬಂದದ್ದು ಕಟ್ಟಳೆಯಿಂದ. ಯಜಮಾನ ತಮ್ಮಯ್ಯಪ್ಪನವರು ಎಲೆಯಡಿಕೆ ಉಗುಳಿ ಬಂದು ಕೂತು ಹೇಳಿದರು:

"ಮದ್ವೆಗೆ ನಮ್ದೇನೂ ಅಡ್ಡಿ ಇಲ್ಲ. ಆದ್ರೆ ಒಂದು ಬೀದಿ ಕೂಗಿದ ಬಾಯಿ ಇನ್ನೊಂದು ಬೀದಿ ಕೂಗಂಗಿಲ್ಲ. ಗುಟ್ಟೆಲ್ಲ ಗೊತ್ತಿರ್ತದೆ. ಒಂದೇ ಮನೇಲಿ ಮಲಗಿ ಎದ್ದು ಎರಡು ಬೀದಿಗೆ ಕೂಗೋದೂ ಆಗಲ್ಲ. ಇಬ್ಬರಲ್ಲಿ ಒಬ್ರು ಅಟ್ಟಣೆ ಇಳೀಬೇಕು."

ಗುರುಸಿದ್ದ ಎದ್ದು ನಿಂತ. "ನಾನು ಇಳೀತೀನಿ" ಎಂದ. ಅವನ ಬೀದಿಯವರು ಹೋ ಎಂದು ಕೂಗಿದರು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಭಾಗಿ ಎದ್ದಳು. ಅವಳು ಅವನ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನೀವು ಕೂಗ್ದಿದ್ರೆ ನಾನು ಯಾರ ಜೊತೆ ಆಡ್ಲಿ?"

"ಹಂಗಾದ್ರೆ ನೀವು ಇಳೀತೀರಾ?"

"ನಾನ್ಯಾಕೆ ಇಳೀಲಿ!" ಎಂದಳು. ಜನ ನಕ್ಕರು. ಅವಳ ಕಣ್ಣಲ್ಲಿ ನೀರಿತ್ತು. ಪಕ್ಕದಲ್ಲಿದ್ದ ನನಗೆ ಮಾತ್ರ ಅದು ಕಂಡಿತು. ಅವನನ್ನು ಬಿಡಲಾರಳು, ಕೂಗನ್ನೂ ಬಿಡಲಾರಳು. ಇವಳಿಗಾಗಿ ಅವನು ಬಾಯಿ ಕಟ್ಟಿಕೊಂಡು ಕೂತರೆ ಅದನ್ನಂತೂ ನೋಡಲಾರಳು.

ತಮ್ಮಯ್ಯಪ್ಪನವರು ಗಡ್ಡ ಕೆರೆದುಕೊಂಡರು. ಕೊನೆಗೆ, "ನಾಳೆ ಸಂಜೆ ಆಟವೇ ತೀರ್ಮಾನ ಮಾಡ್ಲಿ. ಸೋತ ಬೀದಿ ಕೂಗು ನಿಲ್ಲಲಿ. ನಾಡಿದ್ದು ಚಪ್ಪರ" ಎಂದರು.

ಆ ರಾತ್ರಿ ಭಾಗಿ ಸಾರಿನಲ್ಲಿ ಅನ್ನ ಕಲಸುತ್ತ ಕೂತೇ ಇದ್ದಳು. "ಸೋತುಬಿಡ್ತೀಯಾ?" ಎಂದು ಕೇಳಿದೆ. "ಬೇಕಂತ ಸೋತ್ರೆ ಅವ್ರಿಗೆ ಗೊತ್ತಾಗ್ದೇ ಇರ್ತದಾ ಅತ್ತಿಗೆ? ಸೋಲಕ್ಕೆ ಬಿಡಲ್ಲ ಅವ್ರು. ನಾನೂ ಬಿಡಲ್ಲ" ಎಂದಳು. ಅತ್ತೆ ಒಲೆಯ ಕಡೆ ತಿರುಗಿ, "ಎಂಥಾ ಜೋಡಿ ಸಿಕ್ತಪ್ಪಾ, ಕತ್ತೆಗೂ ಕುದುರೆಗೂ ಬುದ್ಧಿ ಹೇಳ್ಬಹುದು" ಎಂದು ಗೊಣಗಿದರು. ನನಗೆ ಕಾಣದಂತೆ ಮೂಗು ಒರೆಸಿಕೊಂಡರು.

ಮಾರನೆಯ ಸಂಜೆ ಶಾಲೆಯ ಗಂಟೆ ಹೊಡೆದಾಗ ಊರಿನಲ್ಲಿ ನಡೆಯಬಲ್ಲವರು ಯಾರೂ ಮನೆಯೊಳಗಿರಲಿಲ್ಲ. ನಾನೂ ಮಹಡಿಯಲ್ಲಿ ದೋಟಿ ಹಿಡಿದು ನಿಂತೆ. ತುಂಡುಗಳು ಇಳಿದವು. ಭಾಗಿ ಕೂಗಿದಳು, ನಾವು ತಿರುವಿದೆವು. ಸಾಲು ತುಂಬಿತು, ಹೋಯಿತು. ಅತ್ತಲಿಂದ ಸಾಲು ಬಂತು, ಕಂಡಿ ಮೂರನೆಯ ಮನೆಗೆ. ನಾವು ಕಳಿಸಿದ್ದಕ್ಕೆ ಕಂಡಿ ಏಳನೆಯ ಮನೆಗೆ. ಇನ್ನು ಮುಚ್ಚಿಡುವುದೇನಿತ್ತು! ಎರಡು ಬೀದಿಯೂ ಆ ಕಂಡಿಗಳನ್ನು ನೋಡಿ ಸಿಳ್ಳೆ ಹಾಕುತ್ತಿತ್ತು. ನಿಂಗಾಜಮ್ಮನಂತೂ ಪ್ರತಿಸಲ, "ಬಂತು ನೋಡ್ರೀ ಉಡುಗೊರೆ" ಎನ್ನುತ್ತಿದ್ದಳು.

ಹೊತ್ತು ಇಳಿಯಿತು. ವೇಗ ಏರಿತು. ಕೋಲು, ಹಾವು, ಪೆಟ್ಟಿಗೆ, ಹಾವು, ಬೋಗುಣಿಯಿಂದ ಸುರಿದ ಹಾಗೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಆದರೂ ಬಾಯಲ್ಲಿ ನಗು. ರಾಶಿ ನಮ್ಮ ಮಹಡಿ ದಾಟಿ ಮೇಲೇರಿತು. ಎದುರಿಗೇ ಗೋಡೆ ನಿಂತ ಹಾಗಾಗಿ ಅಟ್ಟಣೆಯ ಮೇಲಿನ ಭಾಗಿಗೆ ನಮ್ಮ ಬೀದಿಯೇ ಕಾಣದಾಯಿತು. ಗುರುಸಿದ್ದನಿಗೆ ಅವನ ಬೀದಿ ಕಾಣುತ್ತಿರಲಿಲ್ಲ. ಒಬ್ಬರಿಗೆ ಇನ್ನೊಬ್ಬರ ಬೀದಿ ಮಾತ್ರ ಓರೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆಗ ಕೇಳಿತು ನೋಡಿ, ಗಂಡು ದನಿ, "ಮೂರನೇ ಮನೆ ಅತ್ತಿಗೆ, ಎಡಕ್ಕೆ ತಿರುವಿ, ಬಿಡಿ!" ಎಂದು. ನಾನು ತಿರುವಿ ಬಿಟ್ಟೆ. ಸರಿಯಾಗಿ ಕೂತಿತು. ಕೂತ ಮೇಲೆ ಹೊಳೆಯಿತು, ಕೂಗಿದ್ದು ನಮ್ಮ ಭಾಗಿಯಲ್ಲ. ನಮ್ಮ ಭಾಗಿ ಅಟ್ಟಣೆಯ ತುದಿಯಲ್ಲಿ ನಿಂತು ಅತ್ತ ಕೈ ಬೀಸಿ, "ಸಣ್ಣತಾಯತ್ತೆ, ಪೆಟ್ಟಿಗೆ ನಿಮ್ ಕಡೆ, ದಬ್ಬಿ, ದಬ್ಬಿ!" ಎನ್ನುತ್ತಿದ್ದಳು. ಸಣ್ಣತಾಯಮ್ಮ ದಬ್ಬುತ್ತಿದ್ದರು! ಅವನು ನಮಗೆ ಕೂಗಿದ, ಇವಳು ಅವರಿಗೆ ಕೂಗಿದಳು. ಜನಕ್ಕೆ ಯಾರ ದನಿ ಯಾರದೆಂಬ ಪರಿವೆಯೇ ಇರಲಿಲ್ಲ. ಒಂದು ಬೀದಿ ಮುಳುಗುವಂತಾದರೆ ಇನ್ನೊಂದು ಬೀದಿ ಸಾಲು ತುಂಬುವುದನ್ನೇ ತಡೆಯಿತು. ಆದರೆ ಮೋಡಕ್ಕೆ ಮರುಕವೆಲ್ಲಿಯದು? ಕೊನೆಗೆ ಎರಡು ಕೆಂಪು ಹಾವುಗಳು ಒಂದೇ ಸಲ ಇಳಿದವು. ಒಂದು ನಮ್ಮ ರಾಶಿಯ ಮೇಲೆ, ಒಂದು ಅವರ ರಾಶಿಯ ಮೇಲೆ. ಎರಡೂ ಒಂದೇ ಗಳಿಗೆಯಲ್ಲಿ ಟ್ಯಾಂಕಿನ ಎತ್ತರ ಮುಟ್ಟಿದವು.

ತಮ್ಮಯ್ಯಪ್ಪನವರು ಈ ಕಡೆ ನೋಡಿದರು, ಆ ಕಡೆ ನೋಡಿದರು. "ಎರಡೂ ಸೋತ್ವು" ಎಂದರು. "ಹಂಗಾರೆ ಎರಡೂ ಕೂಗು ನಿಲ್ಬೇಕಾ?" ಎಂದು ಯಾರೋ ಕೇಳಿದರು. ಆ ಪ್ರಶ್ನೆಗೆ ಊರೆಲ್ಲ ಬೆಚ್ಚಿತು. ಇಬ್ಬರೂ ಕೂಗದಿದ್ದರೆ ಇನ್ನು ಆಡುವುದು ಹೇಗೆ? ಯಜಮಾನರು ಬಹಳ ಹೊತ್ತು ಎಲೆಗೆ ಸುಣ್ಣ ಸವರಿದರು. "ಅದನ್ನ ಆಮೇಲೆ ನೋಡೋಣ. ಸೋತೋರು ರಂಗೋಲಿ ಹಾಕ್ಬೇಕು, ಅದು ಹಳೇ ಮಾತು. ಬೆಳಗ್ಗೆ ಇಬ್ರೂ ಹಾಕಿ. ಬೋಂಡಾನೂ ಇಬ್ರೂ ಮಾಡಿ" ಎಂದು ಎದ್ದುಬಿಟ್ಟರು.

ಇಬ್ಬರೂ ಹಾಕಿ ಎಂದದ್ದೇ ತಪ್ಪಾಯಿತೋ ಒಳ್ಳೆಯದಾಯಿತೋ! ಎರಡೂ ಬೀದಿ ಒಟ್ಟಿಗೆ ಸೋತ ದಾಖಲೆಯೇ ಇರಲಿಲ್ಲ, ಇರುವುದೋ ಒಂದೇ ಅಂಗಳ. ಬೆಳಗ್ಗೆ ನಾನು ರಂಗೋಲಿ ಬಟ್ಟಲು ತೆಗೆದುಕೊಂಡರೆ ಅತ್ತೆ ಕಿತ್ತುಕೊಂಡರು. "ಆ ಸಣ್ಣತಾಯಿ ತಾನೇ ಬತ್ತಾಳಂತೆ. ನಾನಿದ್ದು ಸೊಸೆ ಕೈಲಿ ಹಾಕ್ಸಿದ್ರೆ ನಗಾಡ್ತಾಳೆ." ಇಬ್ಬರೂ ಅಂಗಳದ ಎರಡು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚುಕ್ಕಿ ಇಡತೊಡಗಿದರು. ಒಬ್ಬರು ಕೋಲು ಬರೆದರೆ ಇನ್ನೊಬ್ಬರು ಅದಕ್ಕಿಂತ ಚೆಂದದ ಕೋಲು. ಇವರು ಪೆಟ್ಟಿಗೆ ಬರೆದರೆ ಅವರು ಪೆಟ್ಟಿಗೆಯೊಳಗೊಂದು ಹೂವು. ಒಂದು ಗೇಣೂ ಬಿಟ್ಟುಕೊಡದೆ ಮುಂದೆ ಮುಂದೆ ಬಂದರು. ಕೊನೆಗೆ ಇಬ್ಬರ ತಲೆ ಡಿಕ್ಕಿ ಹೊಡೆಯುವಷ್ಟು ಹತ್ತಿರ.

"ಅಂಚಿನ ಗೆರೆ ಎಳೀರಿ" ಎಂದರು ಅತ್ತೆ.

"ನೀವೇ ಎಳೀರಿ, ನೀವು ತಾನೇ ಇಲ್ಲೀವರೆಗೂ ನುಗ್ಗಿ ಬಂದಿರೋದು" ಎಂದರು ಸಣ್ಣತಾಯಮ್ಮ.

ಗೆರೆ ಎಳೆದವರು ತಮ್ಮ ಜಾಗ ಇಲ್ಲಿಗೇ ಮುಗಿಯಿತೆಂದು ಒಪ್ಪಿಕೊಂಡಂತೆ. ಇಬ್ಬರೂ ಎಳೆಯಲಿಲ್ಲ. ಎರಡು ರಂಗೋಲಿಯ ನಡುವಿನ ಅಂಚು ಹಾಗೇ ತೆರೆದುಕೊಂಡು ಉಳಿಯಿತು, ಒಂದು ಅಂಗೈಯಗಲದ ಖಾಲಿ ಜಾಗದೊಂದಿಗೆ. ಇಬ್ಬರೂ ಆ ಜಾಗವನ್ನು ದುರುಗುಟ್ಟಿ ನೋಡಿದರು, ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ಬೆನ್ನು ತಿರುಗಿಸಿ ಮನೆಗೆ ಹೋದರು. ಅಂಗಳದಲ್ಲಿ ನಾನೊಬ್ಬಳು. ಖಾಲಿ ಬಿಟ್ಟ ರಂಗೋಲಿ ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಲ್ಲಿ ನಾಲ್ಕು ಚುಕ್ಕಿ ಹಿಡಿಸುತ್ತಿರಲಿಲ್ಲ, ಎರಡು ಕಡೆಯ ಗೆರೆಗೂ ತಾಗುವ ಹಾಗೆ ಬೇಕಿತ್ತು. ಬಗ್ಗಿ ಐದು ಚುಕ್ಕಿ ಇಟ್ಟೆ, ನಡುವೆ ಒಂದು, ನಾಲ್ಕು ದಿಕ್ಕಿಗೆ ನಾಲ್ಕು.

ಸಂಜೆ ಗಂಟೆ ಹೊಡೆಯಿತು. ಮೊದಲ ಕೋಲು ಇಳಿಯುತ್ತ ನಮ್ಮ ಬೀದಿಯ ಮೇಲೂ ಅಲ್ಲ, ಅವರ ಬೀದಿಯ ಮೇಲೂ ಅಲ್ಲ, ಅರ್ಧ ಇತ್ತ, ಅರ್ಧ ಅತ್ತ, ಕಟ್ಟೆಯ ನೆತ್ತಿಯ ಮೇಲೆ ತೇಲಿತು. ಎರಡನೆಯದು ಅತ್ತಲಿಂದ ಇತ್ತ ಜಾರಿ ಬಂತು. ಯಾವ ತುಂಡನ್ನು ಯಾರು ತಿರುವಬೇಕೆಂದು ತಿಳಿಯದೆ ದೋಟಿಗೆ ದೋಟಿ ತಾಗಿ ಟಕಟಕ ಸದ್ದು. ನಮ್ಮ ಹತ್ತು ಮನೆ ತುಂಬಿ ಸಾಲಾಯಿತು, ಮಾಯವಾಗಲಿಲ್ಲ. ಅವರದೂ ತುಂಬಿತು, ಅದೂ ಕೂತೇ ಇತ್ತು. ಎರಡರ ನಡುವೆ ಕಟ್ಟೆಯ ಮುಂದೆ ಮಾತ್ರ ಜಾಗ ಖಾಲಿ, ಮೇಲೆ ಎರಡನೆಯ ಸಾಲು ಏರತೊಡಗಿದರೂ ನಿಲ್ಲಿಸಿದ ಕೋಲು ಕೂಡ ಅಲ್ಲಿ ಕಾಲೂರದೆ ಅತ್ತಿತ್ತ ಜಾರುತ್ತಿತ್ತು. ಭಾಗಿ ಅಟ್ಟಣೆಯಿಂದ ನೋಡಿದಳು. ಕಟ್ಟೆಯ ಮೇಲೆ ತೇಲುತ್ತಿದ್ದ ತುಂಡುಗಳು ಅಡ್ಡವಾಗಿ ಆ ಕಡೆ ಅವಳಿಗೆ ಕಾಣುತ್ತಿರಲಿಲ್ಲ.

"ನಿಮ್ ಕಡೆ ಏನೈತ್ರೀ?" ಎಂದು ಕೂಗಿದಳು.

"ಕಟ್ಟೆ ಪಕ್ಕದ ಮನೇಲಿ ಎರಡನೇ ಸಾಲು ಖಾಲಿ!" ಎಂದು ಉತ್ತರ ಬಂತು. "ನಿಮ್ ಕಡೆ?"

"ಇಲ್ಲೂ ಹಂಗೇ! ಎರಡನೇದು ಖಾಲಿ!"

ಆಗ ಮೋಡದಿಂದ ಅದು ಇಳಿಯಿತು, ಐದು ಚೌಕದ ಆ ಮಹಾರಾಯತಿ, ಅರಿಶಿನದ ಬಣ್ಣದ್ದು. "ಸೊಸೆ ಬಂದ್ಲು!" ಎಂದು ನಿಂಗಾಜಮ್ಮ ಕಿರುಚಿದಳು. ಭಾಗಿಯೂ ಗುರುಸಿದ್ದನೂ ಒಂದೇ ಉಸಿರಿಗೆ ಕೂಗಿದರು, "ಕಟ್ಟೆಗೆ! ಮುಟ್ಬೇಡಿ, ಹಂಗೇ ಬಿಡಿ!" ಅದು ಮೆಲ್ಲಗೆ ಇಳಿದು ಒಂದು ಕಾಲನ್ನು ಕಟ್ಟೆಯ ಮುಂದೆ ಊರಿ, ಒಂದು ಕೈಯನ್ನು ನಮ್ಮ ಬೀದಿಯ ಸಂದಿಗೂ ಇನ್ನೊಂದು ಕೈಯನ್ನು ಅವರ ಬೀದಿಯ ಸಂದಿಗೂ ತೂರಿಸಿ ಅಚ್ಚುಕಟ್ಟಾಗಿ ಕೂತಿತು. ಇಷ್ಟು ದಿನ ಎಲ್ಲೂ ಕೂರದ ತುಂಡು! ಊರಿನ ಈ ತುದಿಯಿಂದ ಆ ತುದಿಯವರೆಗೆ ಎರಡು ಸಾಲು ಒಟ್ಟಿಗೆ ತುಂಬಿ ಫಕ್ಕೆಂದು ಮಾಯವಾದವು. ನನಗೆ ಅಳುವೇ ಬಂತು. ಅತ್ತೆ ದೋಟಿ ಬಿಸುಟು ನನ್ನ ಕೆನ್ನೆ ಹಿಂಡಿ, "ನಮ್ ಸೊಸೆ ಕಣ್ರೋ, ನಮ್ ಸೊಸೆ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದರು. ಭಾಗಿಯ ದನಿ ಎಲ್ಲಿಂದ ಬಂದಿತ್ತೆಂದು ನನಗೆ ಆಗ ಗೊತ್ತಾಯಿತು.

ಮಾಯವಾದ ಸಾಲು ಏಳುತ್ತದೆಂದು ಎಲ್ಲರೂ ಕಾದರು. ಎಲ್ಲೂ ಏಳಲಿಲ್ಲ. ತಮ್ಮಯ್ಯಪ್ಪನವರು ಕಟ್ಟೆಯ ಮೇಲೆ ನಿಂತು, "ಒಂದು ಬೀದಿ ಕೂಗಿದ ಬಾಯಿ ಇನ್ನೊಂದು ಬೀದಿ ಕೂಗಂಗಿಲ್ಲ ಅಂದಿದ್ದೆ. ಈಗ ಇನ್ನೊಂದು ಬೀದಿ ಎಲ್ಲೈತ್ರಯ್ಯಾ? ಇಷ್ಟುದ್ದ ಬೀದಿಗೆ ಒಂದು ಬಾಯಿ ಎಲ್ಲಿ ಸಾಲ್ತದೆ, ಇಬ್ರೂ ಕೂಗಿ" ಎಂದರು. ಅಂಚಿನ ಗೆರೆಯನ್ನು ಆಮೇಲೆ ಯಾರೂ ಎಳೆಯಲಿಲ್ಲ. ನಾಲ್ಕು ದಿನ ತಡವಾಗಿ ಚಪ್ಪರವನ್ನು ಕಟ್ಟೆಯ ಮುಂದೆಯೇ ಹಾಕಿದರು. ಮುಹೂರ್ತ ಬೆಳಗ್ಗೆ ಮುಗಿದರೂ ನೆಂಟರು ಉಣ್ಣುತ್ತ ಉಣ್ಣುತ್ತ ಸಂಜೆಯಾಗಿ, ಮದುಮಕ್ಕಳು ಬಾಸಿಂಗದಲ್ಲೇ ಅಟ್ಟಣೆ ಏರಿದರು. ಅತ್ತೆ ಮತ್ತು ಸಣ್ಣತಾಯಮ್ಮ ಬೋಂಡದ ಬಾಣಲೆಯ ಮುಂದೆ ಅಕ್ಕಪಕ್ಕ ಕೂತು ಉಪ್ಪು ಹೆಚ್ಚೋ ಕಡಿಮೆಯೋ ಎಂದು ಜಗಳವಾಡಿದರು.

ಮಾರನೆಯ ದಿನ ಭಾನುವಾರ ಅಲ್ಲದಿದ್ದರೂ ಅಮ್ಮನ ಫೋನು ಬಂತು.

"ವಿಶಾಲೂ, ಇದೇನೇ ಇದು? ಐದು ದಿನದಿಂದ ನೋಡ್ತಿದೀನಿ, ಸಂಜೆಯಾದ್ರೆ ನಮ್ ಬೀದಿ ನೆಲದಿಂದ ಗೋಡೆ ಏಳ್ತಿದೆ! ಮೊದಲ್ನೇ ದಿನ ಹಳದಿದು ಎದ್ದಿತ್ತು. ಈಗ ನಮ್ಮೇಲೂ ಆಕಾಶದಿಂದ ಏನೇನೋ ಇಳೀತಿದೆ. ನೀನೇನಾದ್ರೂ ಮಾಡಿದ್ಯಾ?"

ನಗು ತಡೆಯಲಾಗದೆ ನೆಲದ ಮೇಲೆ ಕೂತುಬಿಟ್ಟೆ. ಹೋದ ಸಾಲುಗಳು ಎಲ್ಲಿಗೆ ಹೋಗಿದ್ದವೆಂದು ಈಗ ತಿಳಿಯಿತು. "ಅಮ್ಮ, ಹೆದರಬೇಡ. ಮೂಲೇಲಿ ಸೀಬೆಕಾಯಿ ಕೀಳೋ ದೋಟಿ ಇದೆಯಲ್ಲ, ತಗೋ. ಮಹಡಿ ಹತ್ತು. ಸಂದಿಲ್ದಂಗೆ ಕೂರಿಸು" ಎಂದು ಆಟವನ್ನೆಲ್ಲ ಹೇಳಿಕೊಟ್ಟೆ. "ಈ ವಯಸ್ಸಲ್ಲಿ ನಾನು ದೋಟಿ ಹಿಡೀಲಾ? ಮಂಡಿನೋವು ಇಟ್ಕೊಂಡು?" ಎಂದು ಬೈದಳು. ಆದರೂ ಫೋನು ಇಡಲಿಲ್ಲ. ಸಾಲು ತುಂಬಿದರೆ ಏನಾಗುತ್ತದೆ, ಕಂಡಿ ಎಲ್ಲಿ ಬೀಳುತ್ತದೆ, ಎಲ್ಲ ಕೇಳಿಸಿಕೊಂಡಳು. ಇಡುವ ಮೊದಲು ಸುಮ್ಮನೆ ಎಂಬಂತೆ, "ನಿಮ್ಮನೆ ಕಟ್ಟೆಯಿಂದ ಎಷ್ಟನೇದು?" ಎಂದಳು. ಚಟ್ನಿಪುಡಿ ಕಳಿಸುವುದಕ್ಕೆ ವಿಳಾಸ ಕೇಳುತ್ತಿದ್ದಾಳೆ ಎಂದುಕೊಂಡೆ. "ಮೂರನೇದು" ಎಂದೆ.

ನಿನ್ನೆ ಸಂಜೆ ಆಟದ ನಡುವೆ ನೆಲ ಗುಡುಗುಟ್ಟಿತು. ಎಷ್ಟೋ ದಿನದ ಮೇಲೆ ನಮ್ಮೂರಿನ ಉದ್ದಕ್ಕೂ ಒಂದು ಸಾಲು ಹೊರಗಿನಿಂದ ಬಂದು ಎದ್ದು ನಿಂತಿತು. ಎಲ್ಲರ ಬಾಗಿಲೂ ಮುಚ್ಚಿಹೋಯಿತು. ನಿಂಗಾಜಮ್ಮ ಮಹಡಿಯಿಂದ ಬಗ್ಗಿ ನೋಡಿ, "ಮತ್ತೆ ಇವ್ರ ಮನೆ ಮುಂದೇನೇ ಕಂಡಿ!" ಎಂದು ಹಣೆ ಚಚ್ಚಿಕೊಂಡಳು. ನಾನು ಕೆಳಗೆ ಓಡಿ ಬಾಗಿಲು ತೆರೆದೆ. ನಮ್ಮ ಹೊಸ್ತಿಲ ಮುಂದೆ ಸರಿಯಾಗಿ ಒಂದು ಮನೆಯಗಲದ ಕಂಡಿ, ಅದರ ತುಂಬ ಬಿಸಿಲು.

ಭಾಗಿ ಅಟ್ಟಣೆಯಿಂದ ಕೂಗಿ ಕೇಳಿದಳು, "ಅತ್ತಿಗೆ, ಯಾರದು ಇದು?"

"ನಮ್ಮಮ್ಮಂದು!" ಎಂದೆ.